ಜಿರಾಫೆಯ ಕತ್ತಿನಿಂದ ಕರಡಿಯ ಬಾಯಿಯವರೆಗೆ: ನಾಲ್ಕು ಪ್ರಾಣಿಗಳ ವಿಸ್ಮಯ ಸಂಗತಿಗಳು ಮತ್ತು ಅವುಗಳ ಕಾರಣ

ಜಿರಾಫೆಯ ಕತ್ತಿನಲ್ಲಿರುವ ಮೂಳೆಗಳು ಏಳೇ ಏಳು. ಮನುಷ್ಯನ ಕತ್ತಿನಲ್ಲಿಯೂ ಏಳು, ಇಲಿಯ ಕತ್ತಿನಲ್ಲಿಯೂ ಏಳು. ಸಾಮಾನ್ಯ ಜ್ಞಾನದ ಪುಸ್ತಕಗಳಲ್ಲಿ ಇಂಥ ಸಂಗತಿಗಳು ಒಂದೊಂದು ಸಾಲಿನಲ್ಲಿ ಮುಗಿದುಹೋಗುತ್ತವೆ. ಕಾರಣ ತಿಳಿಯದೆ ಉರುಹೊಡೆದದ್ದು ಪರೀಕ್ಷೆ ಮುಗಿದ ಮರುದಿನವೇ ಮರೆತುಹೋಗುತ್ತದೆ. ಆದುದರಿಂದ ಈ ಟಿಪ್ಪಣಿಯಲ್ಲಿ ನಾಲ್ಕೇ ಪ್ರಾಣಿಗಳನ್ನು ತೆಗೆದುಕೊಂಡು, ಅವುಗಳ ದೇಹದ ಒಂದೊಂದು ವಿಚಿತ್ರವೂ ಯಾವ ಅಗತ್ಯದಿಂದ ಬಂದದ್ದು ಎಂಬುದನ್ನು ವಿಚಾರಿಸಲಾಗಿದೆ. ಜಿರಾಫೆ, ಆನೆ ಮತ್ತು ನೀರುಕುದುರೆಯನ್ನು 1892ರಲ್ಲಿ ಆರಂಭವಾದ ಮೈಸೂರಿನ ಮೃಗಾಲಯದಲ್ಲಿ ಹತ್ತಿರದಿಂದ ನೋಡಬಹುದು. ನಾಲ್ಕನೆಯದಾದ ಕರಡಿ ನಮ್ಮ ಬಯಲುಸೀಮೆಯ ಕಲ್ಲುಗುಡ್ಡಗಳ ನಿವಾಸಿಯೇ ಆಗಿದೆ.

ಮೊದಲು ಆ ಏಳು ಮೂಳೆಗಳ ಪ್ರಶ್ನೆ. ಬಹುತೇಕ ಎಲ್ಲ ಸಸ್ತನಿಗಳ ಕತ್ತಿನಲ್ಲಿ ಏಳು ಕಶೇರುಮಣಿಗಳಿರುತ್ತವೆ. ಮನಾಟಿ ಎಂಬ ಜಲಚರ ಸಸ್ತನಿ ಹಾಗೂ ದಕ್ಷಿಣ ಅಮೆರಿಕದ ಸ್ಲಾತ್‌ಗಳು ಇದಕ್ಕೆ ಪ್ರಸಿದ್ಧ ಅಪವಾದಗಳು. ಜಿರಾಫೆಯ ಕತ್ತು ಉದ್ದವಾದದ್ದು ಮೂಳೆಗಳ ಸಂಖ್ಯೆ ಹೆಚ್ಚಿದ್ದರಿಂದಲ್ಲ, ಪ್ರತಿಯೊಂದು ಮೂಳೆಯೂ ಸುಮಾರು 25 ಸೆಂಟಿಮೀಟರ್‌ನಷ್ಟು ನೀಳವಾಗಿ ಬೆಳೆದದ್ದರಿಂದ. ಇನ್ನೆರಡು ಮೂಳೆ ಸೇರಿಸಿಕೊಳ್ಳುವುದು ಸುಲಭವಾಗಿರಲಿಲ್ಲವೇ ಎಂದು ನಾವು ಕೇಳಬಹುದು. ಭ್ರೂಣದಲ್ಲಿ ಈ ಸಂಖ್ಯೆಯನ್ನು ನಿರ್ಧರಿಸುವ ಹಾಕ್ಸ್ ಜೀನ್‌ಗಳು ದೇಹದ ಇತರ ಭಾಗಗಳ ರಚನೆಯನ್ನೂ ನಿರ್ದೇಶಿಸುವುದರಿಂದ, ಸಂಖ್ಯೆ ಬದಲಾದರೆ ಅದರ ಜೊತೆಯಲ್ಲಿ ಬೇರೆ ದೋಷಗಳೂ ತಲೆದೋರುವ ಸಂಭವ ಹೆಚ್ಚು ಎಂಬುದು ಈಗಿರುವ ಪ್ರಬಲ ವಿವರಣೆಗಳಲ್ಲಿ ಒಂದು.

ಕತ್ತು ಉದ್ದವಾದ ಮೇಲೆ ಎದುರಾಗುವ ದೊಡ್ಡ ಸಮಸ್ಯೆ ರಕ್ತದ್ದು. ಎದೆಯಿಂದ ಸುಮಾರು ಎರಡು ಮೀಟರ್ ಮೇಲಿರುವ ಮಿದುಳಿಗೆ ರಕ್ತವನ್ನು ಏರಿಸಬೇಕಾದುದರಿಂದ ಜಿರಾಫೆಯ ರಕ್ತದೊತ್ತಡ ಮನುಷ್ಯನ ಒತ್ತಡದ ಹೆಚ್ಚುಕಡಿಮೆ ಎರಡರಷ್ಟಿರುತ್ತದೆ. ಇದಕ್ಕಾಗಿ ಅದಕ್ಕೆ ಅಸಾಮಾನ್ಯ ದೊಡ್ಡ ಹೃದಯವಿದೆ ಎಂದು ಹಲವು ಕಡೆ ಬರೆದಿರುವುದನ್ನು ಕಾಣುತ್ತೇವೆ. ಆದರೆ ದೇಹದ ತೂಕಕ್ಕೆ ಹೋಲಿಸಿ ನೋಡಿದರೆ ಆ ಹೃದಯ ಇತರ ಸಸ್ತನಿಗಳ ಹೃದಯಕ್ಕಿಂತ ವಿಶೇಷವಾಗಿ ದೊಡ್ಡದಲ್ಲ. ನಿಜವಾದ ವಿಶೇಷವಿರುವುದು ಎಡ ಹೃತ್ಕುಕ್ಷಿಯ ಗೋಡೆಯ ದಪ್ಪದಲ್ಲಿ. ಇಷ್ಟು ಒತ್ತಡದ ರಕ್ತ ಕಾಲುಗಳಿಗೆ ಇಳಿದಾಗ ಅಲ್ಲಿ ಬಾವು ಬರಬೇಕಾಗಿತ್ತು; ಬಾರದಿರಲು ಕಾರಣ, ಕಾಲಿನ ಚರ್ಮ ಬಿಗಿಯಾಗಿ ಸುತ್ತಿದ ಪಟ್ಟಿಯಂತೆ ಒಳಗಿನ ಅಂಗಾಂಶವನ್ನು ಹಿಡಿದಿಟ್ಟಿರುವುದು ಮತ್ತು ಅಲ್ಲಿನ ಅಪಧಮನಿಗಳ ಗೋಡೆ ದಪ್ಪವಾಗಿ ಒಳದಾರಿ ಕಿರಿದಾಗಿರುವುದು. ನೀರು ಕುಡಿಯಲು ಜಿರಾಫೆ ಮುಂಗಾಲುಗಳನ್ನು ಅಗಲಿಸಿ ತಲೆ ತಗ್ಗಿಸಿದಾಗ ಕತ್ತಿನ ಅಭಿಧಮನಿಯಲ್ಲಿರುವ ಕವಾಟಗಳು ರಕ್ತ ಹಿಮ್ಮುಖವಾಗಿ ಹರಿಯುವುದನ್ನು ತಡೆಯುತ್ತವೆ. ಕವಾಟ, ಚರ್ಮ, ಹೃತ್ಕುಕ್ಷಿ ಈ ಮೂರನ್ನೂ ಒಂದೇ ಚಿತ್ರದಲ್ಲಿ ಬರೆದು ಕಲಿತರೆ, ಒಂದರಿಂದ ಒಂದು ಹುಟ್ಟಿದ ಬಗೆ ಸ್ಪಷ್ಟವಾಗುತ್ತದೆ.

ಆ ಚಿತ್ರಕ್ಕೆ ಒಂದು ನರವನ್ನೂ ಸೇರಿಸಬೇಕು. ಜಿರಾಫೆಯ ಬಗ್ಗೆ ತಿಳಿಯಬೇಕಾದುದರಲ್ಲಿ ಇದೇ ಅತ್ಯಂತ ಬೆಲೆಯುಳ್ಳದ್ದೆಂದು ನನ್ನ ಭಾವನೆ. ಮಿದುಳಿನಿಂದ ಧ್ವನಿಪೆಟ್ಟಿಗೆಗೆ ಹೋಗುವ ಎಡಭಾಗದ ನರವು ನೇರವಾಗಿ ಅಲ್ಲಿಗೆ ಹೋಗದೆ, ಕತ್ತಿನುದ್ದಕ್ಕೂ ಎದೆಯವರೆಗೆ ಇಳಿದು, ಹೃದಯದ ಬಳಿ ಮಹಾಪಧಮನಿಯನ್ನು ಬಳಸಿ, ಮತ್ತೆ ಕತ್ತಿನುದ್ದಕ್ಕೂ ಮೇಲೇರಿ ಧ್ವನಿಪೆಟ್ಟಿಗೆಯನ್ನು ಸೇರುತ್ತದೆ. ಕೆಲವೇ ಸೆಂಟಿಮೀಟರ್ ದೂರದ ಗುರಿಗಾಗಿ ಅದು ನಾಲ್ಕು ಮೀಟರ್‌ನಷ್ಟು ದಾರಿ ಸುತ್ತುತ್ತದೆ. ಮೀನಿನಂಥ ಪೂರ್ವಜರಲ್ಲಿ ಕತ್ತೇ ಇರಲಿಲ್ಲ. ಅಲ್ಲಿ ಕಿವಿರುಗಳ ಕಡೆಗೆ ಹೋಗುತ್ತಿದ್ದ ಈ ನರಕ್ಕೆ ರಕ್ತನಾಳದ ಹಿಂದಿನಿಂದ ಹಾದುಹೋಗುವುದೇ ಹತ್ತಿರದ ದಾರಿಯಾಗಿತ್ತು. ಮುಂದೆ ಕತ್ತು ಮೂಡಿ ಹೃದಯ ಕೆಳಗೆ ಸರಿದಾಗ, ರಕ್ತನಾಳಕ್ಕೆ ಸಿಕ್ಕಿಕೊಂಡಿದ್ದ ನರವೂ ಅದರೊಂದಿಗೆ ಎಳೆದುಕೊಂಡು ಹೋಯಿತು. ವಿಕಾಸಕ್ರಿಯೆಯು ಇರುವುದನ್ನೇ ಸ್ವಲ್ಪ ಸ್ವಲ್ಪವಾಗಿ ಮಾರ್ಪಡಿಸುತ್ತದೆಯೇ ಹೊರತು ನರವನ್ನು ಕತ್ತರಿಸಿ ಹೊಸದಾಗಿ ಜೋಡಿಸಲಾರದು. ನಮ್ಮ ಕತ್ತಿನಲ್ಲಿಯೂ ಇದೇ ನರ ಇದೇ ಸುತ್ತುದಾರಿಯನ್ನು ಹಿಡಿದಿದೆ.

ಆನೆಯ ವಿಷಯಕ್ಕೆ ಬಂದರೆ, ಸೊಂಡಿಲು ಎಂಬುದು ಮೂಗು ಮತ್ತು ಮೇಲ್ದುಟಿ ಕೂಡಿ ಬೆಳೆದ ಅಂಗ. ಅದರಲ್ಲಿ ಒಂದು ಮೂಳೆಯೂ ಇಲ್ಲ. ನಮ್ಮ ನಾಲಿಗೆಯಲ್ಲಿರುವಂತೆ ಅಲ್ಲಿಯೂ ಸ್ನಾಯುಗಳೇ ಸ್ನಾಯುಗಳಿಗೆ ಆಧಾರ: ಸ್ನಾಯುವಿನ ಒಟ್ಟು ಗಾತ್ರ ಬದಲಾಗದ ಕಾರಣ ಒಂದು ದಿಕ್ಕಿನಲ್ಲಿ ಕುಗ್ಗಿದರೆ ಇನ್ನೊಂದು ದಿಕ್ಕಿನಲ್ಲಿ ಉಬ್ಬಲೇಬೇಕು, ಮತ್ತು ಈ ಕುಗ್ಗುವಿಕೆ ಉಬ್ಬುವಿಕೆಗಳ ಹೊಂದಾಣಿಕೆಯಿಂದಲೇ ಮರದ ದಿಮ್ಮಿಯನ್ನು ಎತ್ತುವ ಬಲವೂ ನೆಲದಲ್ಲಿ ಬಿದ್ದ ಕಡಲೆಕಾಯಿಯನ್ನು ಹೆಕ್ಕುವ ನಯವೂ ಒಂದೇ ಅಂಗಕ್ಕೆ ಲಭಿಸಿವೆ. ಸೊಂಡಿಲಿನ ತುದಿಯಲ್ಲಿ ಏಷ್ಯಾದ ಆನೆಗೆ ಬೆರಳಿನಂಥ ಒಂದು ಚಾಚು, ಆಫ್ರಿಕದ ಆನೆಗೆ ಎರಡು. ಆನೆ ಸೊಂಡಿಲಿನಿಂದ ನೀರು ಕುಡಿಯುತ್ತದೆ ಎನ್ನುವುದು ಪೂರ್ತಿ ಸರಿಯಲ್ಲ. ಅದು ಸೊಂಡಿಲಿಗೆ ನೀರನ್ನು ಎಳೆದುಕೊಂಡು, ಆಮೇಲೆ ಬಾಯಿಗೆ ಸುರಿದುಕೊಳ್ಳುತ್ತದೆ.

ಇದಕ್ಕಿಂತಲೂ ಸೋಜಿಗದ ಸಂಗತಿ ಆನೆಗಳ ಧ್ವನಿ. 1984ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದ ಮೃಗಾಲಯದಲ್ಲಿ ಏಷ್ಯಾದ ಆನೆಗಳನ್ನು ಗಮನಿಸುತ್ತಿದ್ದ ಕೇಟಿ ಪೇಯ್ನ್ ಅವರಿಗೆ, ಕಿವಿಗೆ ಏನೂ ಕೇಳಿಸದಿದ್ದರೂ ಗಾಳಿಯಲ್ಲಿ ಒಂದು ಬಗೆಯ ಕಂಪನ ಮೈಗೆ ತಾಗಿದಂತೆ ಅನ್ನಿಸಿತು. ಅವರು ಮೊದಲು ತಿಮಿಂಗಿಲಗಳ ಹಾಡನ್ನು ಅಧ್ಯಯನ ಮಾಡಿದ್ದವರು. ಚಿಕ್ಕಂದಿನಲ್ಲಿ ಚರ್ಚಿನ ದೊಡ್ಡ ಆರ್ಗನ್ ವಾದ್ಯದ ಅತಿ ಕೆಳಗಿನ ಸ್ವರಗಳ ಬಳಿ ನಿಂತಾಗ ಆದ ಅನುಭವ ಅವರಿಗೆ ನೆನಪಾಯಿತು. ಅಲ್ಲಿ ಮಾಡಿದ ಧ್ವನಿಮುದ್ರಣವನ್ನು ವೇಗ ಹೆಚ್ಚಿಸಿ ಕೇಳಿದಾಗ ಆನೆಗಳ ಕರೆಗಳು ಸ್ಪಷ್ಟವಾಗಿ ಹೊರಬಂದವು. ಮನುಷ್ಯನ ಕಿವಿಗೆ ಸುಮಾರು 20 ಹರ್ಟ್ಸ್‌ಗಿಂತ ಕೆಳಗಿನ ಧ್ವನಿ ಕೇಳಿಸುವುದಿಲ್ಲ. ಆನೆಗಳ ಈ ಕರೆಗಳು ಆ ಮಿತಿಯ ಆಸುಪಾಸಿನಲ್ಲಿ ಮತ್ತು ಅದರ ಕೆಳಗೆ ಇರುತ್ತವೆ. ಇಂಥ ದೀರ್ಘ ತರಂಗಗಳನ್ನು ಮರಗಿಡಗಳು ಅಷ್ಟಾಗಿ ಹೀರಿಕೊಳ್ಳುವುದಿಲ್ಲವಾದ್ದರಿಂದ ಅವು ಕಾಡಿನೊಳಗೆ ಹಲವು ಕಿಲೋಮೀಟರ್ ಸಾಗಬಲ್ಲವು. ಗರ್ಭದ ಅವಧಿಯೇ ಸುಮಾರು 22 ತಿಂಗಳಿರುವ, ಹಲವು ವರ್ಷಗಳಿಗೊಮ್ಮೆ ಕೆಲವೇ ದಿನ ಬೆದೆಗೆ ಬರುವ ಹೆಣ್ಣಾನೆಯ ಕರೆ ದೂರದಲ್ಲಿ ಒಂಟಿಯಾಗಿ ತಿರುಗುವ ಸಲಗಕ್ಕೆ ತಲುಪುವುದು ಎಷ್ಟು ಮುಖ್ಯ ಎಂಬುದನ್ನು ಯೋಚಿಸಿದರೆ ಈ ಸಾಮರ್ಥ್ಯದ ಬೆಲೆ ತಿಳಿಯುತ್ತದೆ. 2023ರ ಗಣತಿಯಲ್ಲಿ ಅಂದಾಜು 6,395 ಆನೆಗಳಿದ್ದ, ದೇಶದಲ್ಲಿಯೇ ಅತಿ ಹೆಚ್ಚು ಆನೆಗಳಿರುವ ರಾಜ್ಯ ನಮ್ಮದು. ನಾಗರಹೊಳೆ, ಬಂಡೀಪುರದ ಕಾಡುಗಳು ನಮಗೆ ನಿಶ್ಶಬ್ದವೆನಿಸುವ ಹೊತ್ತಿನಲ್ಲಿಯೂ ಅಲ್ಲಿ ಮಾತುಕತೆ ನಡೆದಿರಬಹುದು. ಹಲ್ಲಿನ ಸಂಗತಿಯೂ ತಿಳಿದಿರಲಿ: ಆನೆಗೆ ಜೀವಮಾನದಲ್ಲಿ ಆರು ಸಲ ದವಡೆಹಲ್ಲು ಬರುತ್ತದೆ, ಹೊಸ ಹಲ್ಲು ಕೆಳಗಿನಿಂದ ಮೇಲಕ್ಕಲ್ಲದೆ ಹಿಂದಿನಿಂದ ಮುಂದಕ್ಕೆ ಸರಿದು ಸವೆದ ಹಲ್ಲಿನ ಜಾಗವನ್ನು ಹಿಡಿಯುತ್ತದೆ.

ನೀರುಕುದುರೆ ರಕ್ತ ಬೆವರುತ್ತದೆ ಎಂಬ ಮಾತಿನಲ್ಲಿ ರಕ್ತವೂ ಇಲ್ಲ, ಸರಿಯಾದ ಅರ್ಥದ ಬೆವರೂ ಇಲ್ಲ. ಚರ್ಮದ ಅಡಿಯ ಗ್ರಂಥಿಗಳಿಂದ ಒಸರುವ ಬಣ್ಣವಿಲ್ಲದ ದ್ರವವು ಕೆಲವೇ ನಿಮಿಷಗಳಲ್ಲಿ ಕೆಂಪಾಗಿ, ಬಳಿಕ ಕಂದಾಗುತ್ತದೆ. 2004ರಲ್ಲಿ ಜಪಾನಿನ ವಿಜ್ಞಾನಿಗಳು ಅದರಲ್ಲಿ ಕೆಂಪು ಮತ್ತು ಕಿತ್ತಳೆ ಬಣ್ಣದ ಎರಡು ಆಮ್ಲೀಯ ವರ್ಣಕಗಳನ್ನು ಗುರುತಿಸಿದರು. ಅವು ಬಿಸಿಲಿನ ನೇರಳಾತೀತ ಕಿರಣಗಳನ್ನು ಹೀರಿಕೊಳ್ಳುತ್ತವೆ, ಕೆಂಪು ವರ್ಣಕವು ಕೆಲವು ಬ್ಯಾಕ್ಟೀರಿಯಾಗಳ ಬೆಳವಣಿಗೆಯನ್ನೂ ತಡೆಯುತ್ತದೆ. ಮೈಮೇಲೆ ಕೂದಲಿಲ್ಲದೆ, ಕೊಳಕು ನೀರಿನಲ್ಲಿ ಹಗಲೆಲ್ಲ ಕಳೆಯುತ್ತ, ಪರಸ್ಪರ ಕಾದಾಡಿ ಗಾಯಗೊಳ್ಳುವ ಪ್ರಾಣಿಗೆ ಈ ಎರಡು ರಕ್ಷಣೆಗಳೂ ಬೇಕೇ ಬೇಕು. ಹೆಸರಿನಲ್ಲಿ ಕುದುರೆಯಿದ್ದರೂ ಇದರ ಅತ್ಯಂತ ಹತ್ತಿರದ ಜೀವಂತ ಬಂಧುಗಳು ತಿಮಿಂಗಿಲ ಮತ್ತು ಡಾಲ್ಫಿನ್‌ಗಳು.

ಕೊನೆಯದಾಗಿ ಕರಡಿ. ನಮ್ಮ ಕರಡಿಯ ಮುಖ್ಯ ಆಹಾರ ಗೆದ್ದಲು, ಇರುವೆ ಮತ್ತು ಹಣ್ಣು. ಅದಕ್ಕೆ ಮೇಲಿನ ನಡುವಿನ ಎರಡು ಬಾಚಿಹಲ್ಲುಗಳಿಲ್ಲ, ಮೂಗಿನ ಹೊಳ್ಳೆಗಳನ್ನು ಬೇಕೆಂದಾಗ ಮುಚ್ಚಿಕೊಳ್ಳಬಲ್ಲದು, ತುಟಿಗಳನ್ನು ಉದ್ದಕ್ಕೆ ಚಾಚಬಲ್ಲದು. ಹುತ್ತವನ್ನು ಉಗುರಿನಿಂದ ಒಡೆದು, ಮೊದಲು ಮಣ್ಣನ್ನು ಊದಿ ತೆಗೆದು, ಬಳಿಕ ಹಲ್ಲಿಲ್ಲದ ಆ ಸಂದಿಯ ಮೂಲಕ ಗೆದ್ದಲನ್ನು ರಭಸದಿಂದ ಹೀರಿಕೊಳ್ಳುವಾಗ ಈ ಮೂರೂ ಒಟ್ಟಾಗಿ ಕೆಲಸ ಮಾಡುತ್ತವೆ. ಹೀರುವ ಸದ್ದು ನೂರು ಮೀಟರ್ ಆಚೆಗೂ ಕೇಳಿಸುತ್ತದೆ. ಸಂಡೂರಿನ ಸಮೀಪ ದರೋಜಿಯಲ್ಲಿ 1994ರಲ್ಲಿ ಕರಡಿಗಳಿಗಾಗಿಯೇ ಅಭಯಾರಣ್ಯ ಸ್ಥಾಪಿತವಾಗಿದ್ದು, ಮಧ್ಯಾಹ್ನದ ಬಿಸಿಲು ತಗ್ಗಿದ ಮೇಲೆ ಬಂಡೆಗಳ ಸಂದಿನಿಂದ ಇಳಿದುಬರುವ ಕರಡಿಗಳನ್ನು ವೀಕ್ಷಣಾ ಗೋಪುರದಿಂದ ನೋಡಬಹುದು. ಅಲ್ಲಿ ತಾಯಿಕರಡಿಯ ಬೆನ್ನ ಮೇಲೆ ಮರಿಗಳು ಕುಳಿತಿರುವುದನ್ನು ಕಂಡರೆ ಗಮನವಿಟ್ಟು ನೋಡಬೇಕು: ಜಗತ್ತಿನ ಎಂಟು ಜಾತಿಯ ಕರಡಿಗಳಲ್ಲಿ ಮರಿಗಳನ್ನು ವಾಡಿಕೆಯಾಗಿ ಬೆನ್ನ ಮೇಲೆ ಹೊತ್ತು ತಿರುಗುವುದು ಇದೊಂದೇ, ಮತ್ತು ಭುಜದ ಮೇಲಿನ ಉದ್ದನೆಯ ಒರಟು ಕೂದಲೇ ಮರಿಗಳಿಗೆ ಹಿಡಿತ ಕೊಡುತ್ತದೆ. ಹುಲಿ ಚಿರತೆಗಳಿರುವ ನಾಡಿನಲ್ಲಿ ಮರಿಗಳನ್ನು ಕಾಪಾಡಿಕೊಳ್ಳುವ ಅಗತ್ಯವೇ ಈ ಅಭ್ಯಾಸಕ್ಕೆ ಕಾರಣವಾಗಿರಬೇಕೆಂದು ವನ್ಯಜೀವಿ ತಜ್ಞರು ವಿವರಿಸುತ್ತಾರೆ.