ಠಾಣೆಯ ಮೇಲೆ ಶಾಸಕರ ಹಿಡಿತ ಎಲ್ಲಿಂದ ಬಂತು?

ಠಾಣೆಗೆ ದೂರು ಕೊಡಲು ಹೊರಟವರಿಗೆ ಊರಲ್ಲಿ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: ‘ಮೊದಲು ಎಮ್ಮೆಲ್ಲೆ ಕಡೆಯಿಂದ ಒಂದು ಫೋನ್ ಮಾಡಿಸಿ.’ ಈ ಸಲಹೆ ಸುಮ್ನೆ ಹುಟ್ಟಿದ್ದಲ್ಲ.

1857ರ ದಂಗೆಯಿಂದ ಬೆಚ್ಚಿದ ಬ್ರಿಟಿಷರು 1861ರಲ್ಲಿ ಪೊಲೀಸ್ ಕಾಯ್ದೆ ತಂದರು. ಮೇಲುಸ್ತುವಾರಿ ಸರ್ಕಾರದ್ದು, ಜಿಲ್ಲೆಯಲ್ಲಿ ಹತೋಟಿ ಮ್ಯಾಜಿಸ್ಟ್ರೇಟರದ್ದು. ಪೊಲೀಸರು ಜನರಿಗೆ ಉತ್ತರ ಹೇಳಬೇಕೆಂಬ ಯೋಚನೆಯೇ ಅದರಲ್ಲಿ ಇರಲಿಲ್ಲ.

ಮೈಸೂರು ಸಂಸ್ಥಾನದಲ್ಲೂ ಪೊಲೀಸರು ದಿವಾನರ ಆಡಳಿತದ ಕೈಕೆಳಗಿದ್ದರು. 1938ರ ಏಪ್ರಿಲ್ 25ರಂದು ಗೌರಿಬಿದನೂರು ಬಳಿಯ ವಿದುರಾಶ್ವತ್ಥದಲ್ಲಿ ಸೇರಿದ್ದ ಜನರ ಮೇಲೆ ಗುಂಡು ಹಾರಿತು. ಆಗ ಮೈಸೂರು ಕಾಂಗ್ರೆಸ್ ಕೇಳುತ್ತಿದ್ದದ್ದು ಜವಾಬ್ದಾರಿ ಸರ್ಕಾರ. ಅಂದರೆ ಆಳುವವರು ಜನರ ಪ್ರತಿನಿಧಿಗಳಿಗೆ ಲೆಕ್ಕ ಕೊಡಬೇಕು. ಹಾಗಾಗಿ ‘ರಾಜಕಾರಣಿಗಳು ಪೊಲೀಸರ ತಂಟೆಗೇ ಹೋಗಬಾರದು’ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಪ್ರಶ್ನಿಸುವ ಆ ಹಕ್ಕಿಗಾಗಿ ಜನ ಜೀವ ತೆತ್ತಿದ್ದಾರೆ.

ಸ್ವಾತಂತ್ರ್ಯದ ನಂತರ ಪೊಲೀಸ್ ಸಂವಿಧಾನದ ರಾಜ್ಯ ಪಟ್ಟಿಗೆ, ಅಂದರೆ ರಾಜ್ಯಗಳೇ ಕಾನೂನು ಮಾಡುವ ವಿಷಯಗಳ ಪಟ್ಟಿಗೆ ಸೇರಿತು. ನಮ್ಮಲ್ಲಿ 1963ರ ಪೊಲೀಸ್ ಕಾಯ್ದೆ ಬಂತು. ಮೇಲುಸ್ತುವಾರಿ ಮಾತ್ರ ಸರ್ಕಾರದ ಬಳಿಯೇ ಉಳಿಯಿತು. 1993ರಲ್ಲಿ ಪಂಚಾಯಿತಿ, ನಗರಸಭೆಗಳಿಗೆ ಬಲ ಕೊಡುವ ತಿದ್ದುಪಡಿಗಳು ಜಾರಿಯಾದಾಗಲೂ ಅವಕ್ಕೆ ವಹಿಸಬಹುದಾದ ವಿಷಯಗಳಲ್ಲಿ ಪೊಲೀಸ್ ಇರಲಿಲ್ಲ. ಹಾಗಾದರೆ ಒಬ್ಬ ಶಾಸಕರಿಗೆ ತಮ್ಮ ಕ್ಷೇತ್ರದ ಠಾಣೆಯ ಮೇಲೆ ಕಾನೂನು ಕೊಟ್ಟ ಅಧಿಕಾರ ಏನು? ಏನೂ ಇಲ್ಲ. ಇರುವುದು ಸದನದಲ್ಲಿ ಕೇಳುವ ಹಕ್ಕು.

ಹಿಡಿತ ಬಂದದ್ದು ವರ್ಗಾವಣೆಯ ದಾರಿಯಲ್ಲಿ. ಇನ್‌ಸ್ಪೆಕ್ಟರೊಬ್ಬರಿಗೆ ಒಳ್ಳೆಯ ಠಾಣೆ ಬೇಕು. ಆ ಕ್ಷೇತ್ರದ ಶಾಸಕರ ಲೆಟರ್‌ಹೆಡ್‌ನಲ್ಲಿ ಒಂದು ಶಿಫಾರಸು ಪತ್ರ ಬರೆಸುತ್ತಾರೆ. ಪತ್ರ ವಿಧಾನಸೌಧ ಮುಟ್ಟುತ್ತದೆ, ಆದೇಶ ಹೊರಡುತ್ತದೆ, ಇದ್ದವರು ಎತ್ತಂಗಡಿ. ಹೀಗೆ ಬಂದವರು ಶಾಸಕರ ಬೆಂಬಲಿಗನ ಮೇಲೆ ಎಫ್‌ಐಆರ್ ಹಾಕಲು ಹಿಂದೆಮುಂದೆ ನೋಡುತ್ತಾರೆ, ಅಲ್ವಾ? ಹಾಕಿದರೆ ಇನ್ನೊಂದು ಪತ್ರ, ಇನ್ನೊಂದು ಎತ್ತಂಗಡಿ. ಇಂಥ ಶಿಫಾರಸಿನ ವರ್ಗಾವಣೆಗಳನ್ನು ಹೈಕೋರ್ಟ್ ಮತ್ತೆ ಮತ್ತೆ ತರಾಟೆಗೆ ತೆಗೆದುಕೊಂಡಿದೆ.

ರೋಗ ಹೊಸದಲ್ಲ. 1977ರಲ್ಲಿ ರಾಷ್ಟ್ರೀಯ ಪೊಲೀಸ್ ಆಯೋಗ ನೇಮಕವಾಯಿತು. ಅಧ್ಯಕ್ಷರು ಹಿಂದೆ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಧರ್ಮವೀರ. 1981ರ ಹೊತ್ತಿಗೆ ಎಂಟು ವರದಿ ಕೊಟ್ಟರು. ಹೆಚ್ಚಿನವು ಮೂಲೆ ಸೇರಿದವು. ಅವನ್ನು ಜಾರಿಗೆ ತರಬೇಕೆಂದು ನಿವೃತ್ತ ಡಿಜಿಪಿ ಪ್ರಕಾಶ್ ಸಿಂಗ್ 1996ರಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದರು. ತೀರ್ಪು ಬಂದದ್ದು 2006ರ ಸೆಪ್ಟೆಂಬರ್ 22ರಂದು. ಡಿವೈಎಸ್‌ಪಿವರೆಗಿನ ವರ್ಗಾವಣೆಯನ್ನು ಡಿಜಿಪಿ ಮತ್ತು ನಾಲ್ವರು ಹಿರಿಯ ಅಧಿಕಾರಿಗಳ ಮಂಡಳಿ ಮಾಡಬೇಕು. ಸರ್ಕಾರ ಅದನ್ನು ಬದಲಿಸುವುದಾದರೆ ಅಪರೂಪಕ್ಕೆ, ಅದೂ ಕಾರಣ ಬರೆದು. ಠಾಣಾಧಿಕಾರಿಗೆ ಕನಿಷ್ಠ ಎರಡು ವರ್ಷ ಒಂದೇ ಜಾಗ.

ಕರ್ನಾಟಕ 2012ರಲ್ಲಿ ತನ್ನ ಕಾಯ್ದೆ ತಿದ್ದಿತು. ಮಂಡಳಿಯೇನೋ ಬಂತು. ಆದರೆ ಎರಡು ವರ್ಷ ಇರಬೇಕಾದ ಕಡೆ ಒಂದೇ ವರ್ಷ ಬರೆದರು! ಎರಡು ವರ್ಷಕ್ಕೆ ಏರಿಸಲು 2025ರವರೆಗೆ ಕಾಯಬೇಕಾಯಿತು. ಇದು ನನಗೆ ಸಣ್ಣ ವಿಷಯ ಅನ್ನಿಸುವುದಿಲ್ಲ. ಊರಿನ ಗುರುತು ಹತ್ತುವುದಕ್ಕೇ ಠಾಣಾಧಿಕಾರಿಗೆ ತಿಂಗಳುಗಟ್ಟಲೆ ಬೇಕು.

ಆ ತೀರ್ಪಿನಲ್ಲಿ ಚುನಾಯಿತರಿಗೂ ಜಾಗ ಇದೆ. ರಾಜ್ಯ ಭದ್ರತಾ ಆಯೋಗಕ್ಕೆ ಮುಖ್ಯಮಂತ್ರಿ ಅಥವಾ ಗೃಹ ಸಚಿವರೇ ಅಧ್ಯಕ್ಷರು. ನೀತಿ ಹಾಕಿಕೊಡುವುದು, ಪೊಲೀಸರ ಕೆಲಸ ಅಳೆಯುವುದು ಅದರ ಹೊಣೆ. ಅದರ ವರದಿ ಶಾಸನಸಭೆಯ ಮುಂದೆ ಬರಬೇಕು. ಶಿಫಾರಸು ಪತ್ರಕ್ಕೆ ಸಹಿ ಹಾಕುವ ನಮ್ಮ ಶಾಸಕರು ಮುಂದಿನ ಅಧಿವೇಶನದಲ್ಲಿ ಆ ವರದಿ ಎಲ್ಲಿದೆ ಎಂದು ಕೇಳಲಿ.