ರಸ್ತೆ ಅಪಘಾತ: ಪೊಲೀಸರ ಪ್ರಥಮ ಚಿಕಿತ್ಸೆ ತರಬೇತಿ, ಅಧ್ಯಯನ ಟಿಪ್ಪಣಿ

ಈ ಪಾಠದ ತಿರುಳು ಸರದಿ. ಅಪಘಾತದ ಜಾಗಕ್ಕೆ ಎಷ್ಟೋ ಸಲ ಆಂಬುಲೆನ್ಸ್‌ಗಿಂತ ಮುಂಚೆ ಪೊಲೀಸರೇ ತಲುಪುತ್ತಾರೆ. ಆಗ ಯಾವುದು ಮೊದಲು, ಯಾವುದು ಆಮೇಲೆ ಎಂಬುದು ಕೈಗೆ ಗೊತ್ತಿರಬೇಕು. ಉಳಿದದ್ದನ್ನು ಪುಸ್ತಕ ನೋಡಿ ಕಲಿಯಬಹುದು.

‘ಗೋಲ್ಡನ್ ಅವರ್’, ಅಂದರೆ ಪೆಟ್ಟಾದ ಮೊದಲ ಒಂದು ಗಂಟೆಯೊಳಗೆ ಚಿಕಿತ್ಸೆ ಸಿಕ್ಕರೆ ಬದುಕುವ ಸಾಧ್ಯತೆ ಹೆಚ್ಚು ಎಂಬ ಮಾತು ಎಲ್ಲ ಕಡೆ ಕೇಳಿಬರುತ್ತದೆ. ಅದನ್ನು ಜನಪ್ರಿಯಗೊಳಿಸಿದವರು ಅಮೆರಿಕದ ಬಾಲ್ಟಿಮೋರ್‌ನ ಶಸ್ತ್ರವೈದ್ಯ ಆರ್. ಆಡಮ್ಸ್ ಕೌಲಿ. ಆ ಒಂದು ಗಂಟೆಯನ್ನು ಗಡುವು ಎಂದುಕೊಳ್ಳಬೇಡಿ. ತೊಡೆಯ ದೊಡ್ಡ ರಕ್ತನಾಳ ಕತ್ತರಿಸಿದರೆ ಕೆಲವೇ ನಿಮಿಷಗಳಲ್ಲಿ ಜೀವ ಹೋಗಬಹುದು. ಉಸಿರು ನಿಂತರೆ ಸುಮಾರು 4 ನಿಮಿಷಕ್ಕೇ ಮಿದುಳಿಗೆ ಹಾನಿ ಶುರುವಾಗಬಹುದು. ನಮ್ಮ ಪಾಲಿಗೆ ಬರುವುದು ಈ ನಿಮಿಷಗಳೇ.

ಮೊದಲು ಜಾಗ ಭದ್ರವಾಗಲಿ. ಗಸ್ತು ವಾಹನವನ್ನು ಗಾಯಾಳುಗಳಿಗೆ ಮರೆಯಾಗುವಂತೆ ನಿಲ್ಲಿಸಿ ದೀಪ ಹಾಕಿ. ಜಖಂ ಆದ ಗಾಡಿಯ ಇಗ್ನಿಷನ್ ಆಫ್ ಮಾಡಿ. ತೆರೆದುಕೊಳ್ಳದ ಏರ್‌ಬ್ಯಾಗ್ ಎದುರು ತಲೆ ಒಡ್ಡಬೇಡಿ. ಕೈಗವಸು ಹಾಕಿಕೊಳ್ಳಿ. ಜನ ಸೇರಿದ್ದರೆ ‘ಯಾರಾದರೂ ಫೋನ್ ಮಾಡಿ’ ಎಂದು ಕೂಗಿದರೆ ಯಾರೂ ಮಾಡುವುದಿಲ್ಲ. ‘ನೀಲಿ ಅಂಗಿಯವರೇ, ನೀವು ಮಾಡಿ’ ಎಂದು ಬೆರಳು ತೋರಿಸಿ ಹೇಳಿ. ಗಾಯಾಳುಗಳು ಹಲವರಿದ್ದರೆ ಚೀರಾಡುವವರ ಕಡೆ ಕಾಲು ತಾನಾಗಿ ಓಡುತ್ತದೆ. ಚೀರುತ್ತಿದ್ದಾರೆ ಎಂದರೆ ಆ ಕ್ಷಣಕ್ಕೆ ಉಸಿರಾಟ ಇದೆ. ಸದ್ದಿಲ್ಲದೆ ಬಿದ್ದವರನ್ನು ಮೊದಲು ನೋಡಿ.

ರಕ್ತ ಚಿಮ್ಮುತ್ತಿದ್ದರೆ ಬೇರೆಲ್ಲವೂ ಕಾಯಬೇಕು. ವಯಸ್ಕರ ಮೈಯಲ್ಲಿರುವುದು ಸುಮಾರು 5 ಲೀಟರ್ ರಕ್ತ, ಅಷ್ಟೇ. ಗಾಯದ ಮೇಲೆ ಬಟ್ಟೆಯಿಟ್ಟು ಅಂಗೈಯಿಂದ, ಮೈಭಾರ ಹಾಕಿ ಒತ್ತಿ. ಎರಡು ನಿಮಿಷಕ್ಕೊಮ್ಮೆ ಎತ್ತಿ ‘ನಿಂತಿತಾ’ ಎಂದು ನೋಡುವ ಅಭ್ಯಾಸ ಬಿಡಿ. ಹೆಪ್ಪುಗಟ್ಟುತ್ತಿರುವುದು ಮತ್ತೆ ಕಿತ್ತುಬರುತ್ತದೆ. ಕೈಕಾಲಿನ ರಕ್ತ ಒತ್ತಿದರೂ ನಿಲ್ಲದಿದ್ದರೆ ಟೂರ್ನಿಕೆಟ್, ಅಂದರೆ ರಕ್ತದ ಹರಿವು ತಡೆಯಲು ಬಿಗಿಯುವ ಪಟ್ಟಿ. ಗಾಯಕ್ಕಿಂತ 5ರಿಂದ 7 ಸೆಂ.ಮೀ. ಮೇಲೆ, ಮೊಣಕಾಲು ಮೊಣಕೈ ಕೀಲು ಬಿಟ್ಟು ಕಟ್ಟಿ, ರಕ್ತ ನಿಲ್ಲುವವರೆಗೂ ಬಿಗಿಯಬೇಕು. ಸರಿಯಾಗಿ ಬಿಗಿದರೆ ವಿಪರೀತ ನೋವಾಗುತ್ತದೆ. ಗಾಯಾಳು ಬೇಡಿಕೊಂಡರೂ ಸಡಿಲಿಸಬೇಡಿ. ಕಟ್ಟಿದ ಸಮಯ ಬರೆದಿಡಿ.

ಇನ್ನು ಉಸಿರು. ಕುತ್ತಿಗೆ ಮುರಿದಿರಬಹುದು, ಮುಟ್ಟಬಾರದು ಎಂದು ಬಹಳ ಜನ ಕೈಕಟ್ಟಿ ನಿಲ್ಲುತ್ತಾರೆ. ಈ ಭಯ ಅರ್ಧ ಸರಿ, ಅರ್ಧ ಅಪಾಯಕಾರಿ. ಪ್ರಜ್ಞೆ ತಪ್ಪಿದ ಚಾಲಕನ ಗದ್ದ ಎದೆಗೆ ಬಗ್ಗಿ ಕೂತಿದ್ದರೆ ಉಸಿರಿನ ದಾರಿ ಅಲ್ಲೇ ಮುಚ್ಚಿಹೋಗಬಹುದು. ಎರಡೂ ಕೈಯಲ್ಲಿ ತಲೆ ಹಿಡಿದು, ನಿಧಾನವಾಗಿ ನೇರಕ್ಕೆ ತಂದು, ಹಾಗೇ ಹಿಡಿದಿರಿ. ಮಲಗಿದ್ದವರಿಗೆ ತಲೆ ಹಿಂದಕ್ಕೆ ಬಾಗಿಸುವ ಬದಲು ದವಡೆಯ ಮೂಲೆಯನ್ನು ಬೆರಳಿನಿಂದ ಮುಂದಕ್ಕೆ ತಳ್ಳಿ. ಹೆಲ್ಮೆಟ್ ವಿಷಯಕ್ಕೂ ಇದೇ ನ್ಯಾಯ: ಉಸಿರಾಟಕ್ಕೆ ತೊಡಕಿಲ್ಲದಿದ್ದರೆ ಇರಲಿ, ತೊಡಕಿದ್ದರೆ ಒಬ್ಬರು ತಲೆ, ಕುತ್ತಿಗೆ ಹಿಡಿದುಕೊಂಡು ಇನ್ನೊಬ್ಬರು ತೆಗೆಯಿರಿ.

ಅಪರೂಪಕ್ಕೊಮ್ಮೆ ಬಿಕ್ಕಿದಂತೆ ಎಳೆದುಕೊಳ್ಳುವುದು ಉಸಿರಾಟದ ಲೆಕ್ಕಕ್ಕೆ ಬರುವುದಿಲ್ಲ. ಆಗ ಸಿಪಿಆರ್, ಅಂದರೆ ಎದೆಯ ನಡುವೆ ಒತ್ತುವುದು: ನಿಮಿಷಕ್ಕೆ 100ರಿಂದ 120 ಸಲ, 5ರಿಂದ 6 ಸೆಂ.ಮೀ. ಆಳಕ್ಕೆ. ಭಾರೀ ಪೆಟ್ಟಿನಿಂದ ಹೃದಯ ನಿಂತರೆ ಬದುಕುವುದು ಕಷ್ಟ. ಆದರೆ ಬೇರೆ ವಾಹನವಿಲ್ಲ, ಬ್ರೇಕ್ ಹಾಕಿದ ಗುರುತಿಲ್ಲ, ಗಾಯವೂ ಹೆಚ್ಚಿಲ್ಲ ಎಂದರೆ ಚಾಲಕನಿಗೆ ಮೊದಲೇ ಹೃದಯಸ್ತಂಭನ ಆಗಿ ಗಾಡಿ ಗುದ್ದಿರಬಹುದು. ಅಲ್ಲಿ ಸಿಪಿಆರ್ ಫಲ ಕೊಡುವ ಸಾಧ್ಯತೆ ಹೆಚ್ಚು. ಇದನ್ನು ಗುರುತಿಸಲು ತನಿಖೆಯ ಕಣ್ಣು ಬೇಕು, ಅದು ಪೊಲೀಸರಿಗೆ ಇದ್ದೇ ಇರುತ್ತದೆ.

ಮುರಿದ ಮೂಳೆಯನ್ನು ಅಲುಗಿಸಬೇಡಿ, ಮೈ ಬೆಚ್ಚಗಿಡಿ, ನೀರು ಕುಡಿಸಬೇಡಿ. ಉಳಿದ ವಿವರ ಯಾವ ಕೈಪಿಡಿಯಲ್ಲೂ ಇದೆ.

ಪರೀಕ್ಷೆಗೆ ಒಂದು ಎಚ್ಚರಿಕೆ. ಅಮೆರಿಕದ ಫಿಲಡೆಲ್ಫಿಯಾ ನಗರದ ಪೊಲೀಸರು ಗುಂಡೇಟು, ಇರಿತಕ್ಕೆ ಒಳಗಾದವರನ್ನು ತಮ್ಮ ಗಾಡಿಯಲ್ಲೇ ಆಸ್ಪತ್ರೆಗೆ ಒಯ್ಯುವುದು ಪ್ರಸಿದ್ಧ ಉದಾಹರಣೆ. ಅದನ್ನು ರಸ್ತೆ ಅಪಘಾತಕ್ಕೆ ಹಾಗೇ ಅಂಟಿಸಬೇಡಿ. ಬೆನ್ನುಮೂಳೆ, ಸೊಂಟದ ಮೂಳೆಗೆ ಪೆಟ್ಟು ಬಿದ್ದವರನ್ನು ಹಿಂದಿನ ಸೀಟಿಗೆ ತುರುಕುವುದು ಬೇರೆಯೇ ಮಾತು. ಆಂಬುಲೆನ್ಸ್ ಬರುವಂತೆಯೇ ಇಲ್ಲದಿದ್ದರೆ, ಅಥವಾ ಬೆಂಕಿಯ ಭಯವಿದ್ದರೆ ಮಾತ್ರ ಎತ್ತುವ ಯೋಚನೆ.

ತರಬೇತಿ ಹೇಗಿರಬೇಕು ಎಂಬ ಪ್ರಶ್ನೆಗೆ ನನ್ನ ಉತ್ತರ: ಸ್ಲೈಡ್ ಕಡಿಮೆ, ಕೈಕೆಲಸ ಹೆಚ್ಚು. ಗುಡಿಸಿದ ನೆಲದ ಮೇಲೆ ಬೊಂಬೆ ಮಲಗಿಸಿ ಕಲಿತದ್ದು ರಾತ್ರಿ, ಟಾರ್ಚ್ ಬೆಳಕಿನಲ್ಲಿ, ಜನರ ಗಲಾಟೆಯ ನಡುವೆ ನೆನಪಿಗೆ ಬರುವುದು ಕಷ್ಟ. ಹಾಗಾಗಿ ಕತ್ತಲಲ್ಲಿ, ಗದ್ದಲದಲ್ಲಿ, ಕೈಗವಸು ಹಾಕಿಕೊಂಡು, ಗಾಡಿಯ ಸೀಟಿನಲ್ಲೇ ಅಭ್ಯಾಸ ಮಾಡಿಸಬೇಕು. ಸಿಪಿಆರ್ ಕೌಶಲ ಕೆಲವೇ ತಿಂಗಳಲ್ಲಿ ಸವೆಯುತ್ತದೆ. ವರ್ಷಕ್ಕೊಂದು ದೊಡ್ಡ ಶಿಬಿರಕ್ಕಿಂತ ಆಗಾಗ ಹದಿನೈದು ನಿಮಿಷದ ಮರುಕಲಿಕೆ ಮೇಲು.

ಕೊನೆಗೆ ಹಸ್ತಾಂತರ. ಏನಾಯಿತು, ಎಲ್ಲಿ ಪೆಟ್ಟಾಗಿದೆ, ಈಗ ಹೇಗಿದ್ದಾರೆ, ನಾವು ಏನು ಮಾಡಿದೆವು: ಇಷ್ಟನ್ನು ಅರ್ಧ ನಿಮಿಷದಲ್ಲಿ ಆಂಬುಲೆನ್ಸ್ ಸಿಬ್ಬಂದಿಗೆ ಹೇಳಿ. ಜೊತೆಗೆ ಸ್ಟೀರಿಂಗ್ ಬಾಗಿತ್ತೇ, ಬೆಲ್ಟ್ ಹಾಕಿದ್ದರೇ, ಗಾಡಿಯಿಂದ ಹೊರಕ್ಕೆ ಎಸೆಯಲ್ಪಟ್ಟರೇ, ಅದೇ ಗಾಡಿಯಲ್ಲಿ ಬೇರೆ ಯಾರಾದರೂ ಸತ್ತಿದ್ದಾರೆಯೇ ಎಂಬುದನ್ನೂ ಸೇರಿಸಿ. ಒಳಗಾಯ ಎಲ್ಲಿರಬಹುದು ಎಂದು ವೈದ್ಯರು ಊಹಿಸುವುದು ಇವುಗಳಿಂದ. ಟೂರ್ನಿಕೆಟ್ ಕಟ್ಟಿದ ಸಮಯವನ್ನು ಬಾಯಲ್ಲಿ ಹೇಳಿದರೆ ಸಾಲದು, ಅದರ ಪಟ್ಟಿಯ ಮೇಲೂ ಬರೆದಿರಲಿ.