ಮ್ಯೂಸಿಕ್ ವಿಡಿಯೊ ವಿಶ್ಲೇಷಣೆ: ಮೊದಲು ಹಾಡಿನ ಕಾಲ ಅಳೆಯಿರಿ

ಸಿನಿಮಾದಲ್ಲಿ ಸಾಮಾನ್ಯವಾಗಿ ದೃಶ್ಯ ಮೊದಲು ಸಿದ್ಧವಾಗುತ್ತದೆ, ಹಿನ್ನೆಲೆ ಸಂಗೀತ ಆಮೇಲೆ ಅದಕ್ಕೆ ಹೊಂದಿಕೊಳ್ಳುತ್ತದೆ. ಮ್ಯೂಸಿಕ್ ವಿಡಿಯೊದಲ್ಲಿ ಇದು ತಿರುವುಮುರುವು. ಕ್ಯಾಮೆರಾ ಹೊರಗೆ ಬರುವ ಹೊತ್ತಿಗೆ ಹಾಡಿನ ಧ್ವನಿಮುದ್ರಣ ಮುಗಿದಿರುತ್ತದೆ. ಅದನ್ನು ಹಿಗ್ಗಿಸುವ ಹಾಗೂ ಇಲ್ಲ, ಕುಗ್ಗಿಸುವ ಹಾಗೂ ಇಲ್ಲ. ನಿರ್ದೇಶಕ, ಛಾಯಾಗ್ರಾಹಕ, ಸಂಕಲನಕಾರ ಮೂವರೂ ಆ ನಿಗದಿತ ಕಾಲದೊಳಗೇ ಕೆಲಸ ಮಾಡಬೇಕು. ಹಾಗಾಗಿ ‘ಎಡಿಟಿಂಗ್ ಚುರುಕಾಗಿದೆ’ ಎಂದು ಬರೆಯುವ ಮುಂಚೆ ಹಾಡಿನ ಕಾಲವನ್ನು ಅಳೆದಿಟ್ಟುಕೊಳ್ಳಬೇಕು. ಅಳತೆಯಿಲ್ಲದೆ ಬರೆದದ್ದು ಮೆಚ್ಚುಗೆಯಾದೀತು, ವಿಶ್ಲೇಷಣೆಯಾಗದು.

ಮೊದಲ ಸಲ ದನಿ ಮುಚ್ಚಿ ನೋಡಿ. ಹಾಡಿನ ಹುರುಪಿನಲ್ಲಿ ಗಮನಕ್ಕೆ ಬಾರದ ಸಂಗತಿಗಳು, ಅಂದರೆ ಮತ್ತೆ ಮತ್ತೆ ಬಳಸಿದ ಶಾಟ್ (ಒಂದು ಕಟ್‌ನಿಂದ ಮುಂದಿನ ಕಟ್‌ವರೆಗಿನ ತುಣುಕು), ಹೊಂದದ ಉಡುಪು, ದಿಕ್ಕು ಬದಲಿಸಿದ ಬೆಳಕು, ಆಗ ಎದ್ದು ಕಾಣುತ್ತವೆ. ಎರಡನೇ ಸಲ ಚಿತ್ರ ನೋಡದೆ ಹಾಡು ಮಾತ್ರ ಕೇಳಿ. ಪಲ್ಲವಿ, ಚರಣ, ನಡುವಿನ ವಾದ್ಯಭಾಗ ಎಲ್ಲೆಲ್ಲಿ ಶುರುವಾಗುತ್ತವೆ ಎಂದು ಸಮಯ ಗುರುತಿಸಿಕೊಳ್ಳಿ. ಮೂರನೇ ಸಲ ಶಾಟ್ ಪಟ್ಟಿ ಮಾಡಿ. ಯೂಟ್ಯೂಬ್‌ನಲ್ಲಿ ವಿಡಿಯೊ ನಿಲ್ಲಿಸಿ ಪೂರ್ಣವಿರಾಮದ ಕೀಲಿ ಒತ್ತಿದರೆ ಒಂದು ಫ್ರೇಮ್ (ವಿಡಿಯೊದ ಒಂದು ಸ್ಥಿರಚಿತ್ರ) ಮುಂದಕ್ಕೆ, ಅಲ್ಪವಿರಾಮದ ಕೀಲಿ ಒತ್ತಿದರೆ ಒಂದು ಫ್ರೇಮ್ ಹಿಂದಕ್ಕೆ ಹೋಗುತ್ತದೆ. ಸ್ಕ್ರೀನ್ ರೆಕಾರ್ಡಿಂಗ್ ಮಾಡಿಕೊಂಡ ಫೈಲಿನಲ್ಲಿ ಮಾತ್ರ ಫ್ರೇಮ್ ಎಣಿಸಬೇಡಿ. ರೆಕಾರ್ಡ್ ಆಗುವಾಗ ಕೆಲವು ಫ್ರೇಮ್ ಬಿಟ್ಟುಹೋಗುತ್ತವೆ, ಕೆಲವು ಎರಡೆರಡು ಸಲ ಬರುತ್ತವೆ.

ಈಗ ಲೆಕ್ಕ. ನಿಮಿಷಕ್ಕೆ 120 ಬೀಟ್ (ತಾಳದ ಪೆಟ್ಟು) ಇರುವ ಹಾಡಿನಲ್ಲಿ ಒಂದು ಬೀಟ್ ಅರ್ಧ ಸೆಕೆಂಡ್. ಸೆಕೆಂಡಿಗೆ 24 ಫ್ರೇಮ್ ಇದ್ದರೆ 12 ಫ್ರೇಮ್. 96 ಬೀಟ್ ಆದರೆ 15 ಫ್ರೇಮ್. ಆದರೆ 100 ಬೀಟ್ ಆದರೆ 14.4 ಬರುತ್ತದೆ. ಇಲ್ಲೇ ಎಡವುವುದು. 14 ಎಂದು ಹಿಡಿದು ಕೂಡುತ್ತಾ ಹೋದರೆ ಹತ್ತು ಬೀಟ್ ದಾಟುವಷ್ಟರಲ್ಲಿ 4 ಫ್ರೇಮ್ ಹಿಂದೆ ಬಿದ್ದಿರುತ್ತೀರಿ. ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ದನಿಯ ಅಲೆಯನ್ನೇ ನೋಡಿ ಪ್ರತಿ ಬೀಟ್‌ಗೂ ಮಾರ್ಕರ್ ಹಾಕುವುದೇ ಸರಿಯಾದ ದಾರಿ. ವೇಗವನ್ನು ತಾನೇ ಗುರುತಿಸುವ ಸಾಫ್ಟ್‌ವೇರ್ 75ರ ಹಾಡನ್ನು 150 ಎಂದು ತೋರಿಸುವುದೂ ಉಂಟು; ಕೈಯಲ್ಲಿ ತಾಳ ಹಾಕಿ ಒಮ್ಮೆ ಖಾತ್ರಿ ಮಾಡಿಕೊಳ್ಳಿ.

‘ಕಟ್‌ಗಳೆಲ್ಲ ಬೀಟ್ ಮೇಲೆ ಬೀಳುತ್ತವೆ’ ಎಂಬ ಮಾತು ಬಹಳ ಕೇಳಿಬರುತ್ತದೆ. ಇದನ್ನು ಪರೀಕ್ಷಿಸದೆ ಒಪ್ಪಬಾರದು. 12 ಫ್ರೇಮ್‌ಗೆ ಒಂದು ಬೀಟ್ ಇರುವಾಗ ಹಿಂದೆ ಮುಂದೆ ಎರಡೆರಡು ಫ್ರೇಮ್ ರಿಯಾಯಿತಿ ಕೊಟ್ಟರೆ, 12ರಲ್ಲಿ 5 ಫ್ರೇಮ್‌ಗಳು ‘ಬೀಟ್ ಮೇಲೆ’ ಎಂದಾಗಿಬಿಡುತ್ತವೆ. ಅಂದರೆ ಕಣ್ಣು ಮುಚ್ಚಿ ಕತ್ತರಿಸಿದರೂ ಸರಿಸುಮಾರು 40 ಶೇಕಡಾ ಕಟ್ ಬೀಟ್‌ಗೆ ಸಿಗುತ್ತವೆ! ರಿಯಾಯಿತಿಯನ್ನು ಒಂದು ಫ್ರೇಮ್‌ಗೆ ಇಳಿಸಿ. ಆಗ ಆಕಸ್ಮಿಕದ ಪಾಲು 25 ಶೇಕಡಾ. ನಿಮ್ಮ ಎಣಿಕೆ ಅದನ್ನು ಸ್ಪಷ್ಟವಾಗಿ ಮೀರಿದರೆ ಮಾತ್ರ ಸಂಕಲನಕಾರರ ಉದ್ದೇಶದ ಬಗ್ಗೆ ಮಾತಾಡಬಹುದು. ಬೀಟ್‌ಗೆ ಒಂದೆರಡು ಫ್ರೇಮ್ ಮುಂಚೆ ಕತ್ತರಿಸುವ ರೂಢಿಯೂ ಇದೆ: ಹೊಸ ಚಿತ್ರವನ್ನು ಕಣ್ಣು ಹಿಡಿಯುವಷ್ಟರಲ್ಲಿ ಡ್ರಮ್ಮಿನ ಪೆಟ್ಟು ಬೀಳುತ್ತದೆ. ಹಾಗಾಗಿ ಹತ್ತಿರವಿದೆಯೇ ಎಂಬುದರ ಜೊತೆಗೆ ಯಾವ ಕಡೆಗೆ ಎಂಬುದನ್ನೂ ಬರೆದುಕೊಳ್ಳಿ.

ಸರಾಸರಿ ಶಾಟ್ ಅವಧಿಯನ್ನು ಇಡೀ ವಿಡಿಯೊಗೆ ಒಂದೇ ಅಂಕಿಯಾಗಿ ಕೊಟ್ಟರೆ ಉಪಯೋಗ ಕಡಿಮೆ. ನಾಲ್ಕು ನಿಮಿಷಕ್ಕೆ 120 ಶಾಟ್ ಅಂದರೆ ಸರಾಸರಿ 2 ಸೆಕೆಂಡ್, ನಿಜ. ಆದರೆ ಚರಣದಲ್ಲಿ 4 ಸೆಕೆಂಡ್ ನಿಂತು ಪಲ್ಲವಿಯಲ್ಲಿ 1 ಸೆಕೆಂಡಿಗೆ ಇಳಿದಿದ್ದರೆ ವಿಷಯವಿರುವುದು ಆ ಇಳಿತದಲ್ಲೇ. ಭಾಗಭಾಗವಾಗಿ ಲೆಕ್ಕ ಹಾಕಿ.

ಈ ಪ್ರಕಾರಕ್ಕೇ ವಿಶಿಷ್ಟವಾದ ತಂತ್ರವೊಂದನ್ನು ಹತ್ತಿರದಿಂದ ನೋಡೋಣ. ಗಾಯಕಿಯ ಕೂದಲು ನೀರಿನಲ್ಲಿ ತೇಲಿದಂತೆ ನಿಧಾನವಾಗಿ ಹಾರುತ್ತಿದೆ, ತುಟಿ ಮಾತ್ರ ಹಾಡಿಗೆ ಕರಾರುವಾಕ್ಕಾಗಿ ಹೊಂದಿದೆ. ಇಲ್ಲಿ ಕ್ಯಾಮೆರಾ ಸೆಕೆಂಡಿಗೆ 48 ಫ್ರೇಮ್ ಹಿಡಿದಿರುತ್ತದೆ, ಸೆಟ್‌ನಲ್ಲಿ ಹಾಡನ್ನು ದುಪ್ಪಟ್ಟು ವೇಗದಲ್ಲಿ ಹಾಕಿರುತ್ತಾರೆ, ಗಾಯಕಿಯೂ ಅದೇ ವೇಗದಲ್ಲಿ ತುಟಿ ಆಡಿಸಿರುತ್ತಾಳೆ. 24ಕ್ಕೆ ಇಳಿಸಿ ಓಡಿಸಿದಾಗ ತುಟಿ ಹಾಡಿನ ಅಸಲಿ ವೇಗಕ್ಕೆ ಬರುತ್ತದೆ. ಉಳಿದ ಚಲನೆಯೆಲ್ಲ ಅರ್ಧಕ್ಕೆ ಇಳಿಯುತ್ತದೆ. ಪತ್ತೆಹಚ್ಚಲು ಕಣ್ಣಿನ ರೆಪ್ಪೆ, ಕಿವಿಯೋಲೆ, ಬಟ್ಟೆಯ ಅಂಚು ನೋಡಿ. ಇದರ ತೊಂದರೆಗಳೂ ತೆರೆಯ ಮೇಲೆ ಸಿಗುತ್ತವೆ. ದುಪ್ಪಟ್ಟು ವೇಗದಲ್ಲಿ ಬಾಯಿ ಪೂರ್ತಿ ತೆರೆಯಲು ಪುರಸೊತ್ತಿರುವುದಿಲ್ಲ. ಪ, ಬ, ಮ ಬರುವ ಕಡೆ ತುಟಿ ಪೂರಾ ಕೂಡುವುದಿಲ್ಲ. ಶಟರ್ 180 ಡಿಗ್ರಿಯಲ್ಲೇ ಇದ್ದರೆ, ಅಂದರೆ ಒಂದು ಫ್ರೇಮ್‌ನ ಅರ್ಧ ಕಾಲ ಮಾತ್ರ ತೆರೆದಿದ್ದರೆ, ಪ್ರತಿ ಫ್ರೇಮ್‌ಗೆ ಬೆಳಕು ಸಿಗುವ ಕಾಲ ಸೆಕೆಂಡಿನ 48ನೇ ಒಂದಂಶದಿಂದ 96ನೇ ಒಂದಂಶಕ್ಕೆ ಇಳಿಯುತ್ತದೆ. ಅಂದರೆ ಒಂದು ಸ್ಟಾಪ್ ನಷ್ಟ, ಬೆಳಕು ಅರ್ಧಕ್ಕರ್ಧ ಕಡಿಮೆ. ಅದನ್ನು ದೀಪದಿಂದ ತುಂಬದೆ ಐಎಸ್‌ಒ (ಕ್ಯಾಮೆರಾ ಬೆಳಕನ್ನು ಹಿಗ್ಗಿಸಿ ತೋರಿಸುವ ಮಟ್ಟ) ಏರಿಸಿದ್ದರೆ ನೆರಳಿನ ಜಾಗಗಳಲ್ಲಿ ನಾಯ್ಸ್ (ಚಿತ್ರದ ಮೇಲಿನ ಚುಕ್ಕೆಚುಕ್ಕೆ) ಹೆಚ್ಚಾಗಿ ಕಾಣುತ್ತದೆ.

ಇದರ ಇನ್ನೊಂದು ತುದಿ ಹಿಮ್ಮುಖ ಚಿತ್ರಣ. 2002ರಲ್ಲಿ ಬಂದ ಕೋಲ್ಡ್‌ಪ್ಲೇ ತಂಡದ ‘ದಿ ಸೈಂಟಿಸ್ಟ್’ ವಿಡಿಯೊದಲ್ಲಿ ಘಟನೆಗಳು ಹಿಂದಕ್ಕೆ ಚಲಿಸುತ್ತವೆ, ಹಾಡು ಮಾತ್ರ ಸರಿಯಾಗಿ ಬಾಯಿಗೆ ಕೂರುತ್ತದೆ. ಅದಕ್ಕಾಗಿ ಗಾಯಕ ಕ್ರಿಸ್ ಮಾರ್ಟಿನ್ ಹಾಡನ್ನು ಹಿಂದುಮುಂದಾಗಿ ಹಾಡುವುದನ್ನೇ ಕಲಿಯಬೇಕಾಯಿತು.

ಲಿಪ್ ಸಿಂಕ್ (ತುಟಿ ಹಾಡಿಗೆ ಹೊಂದುವುದು) ವಿಡಿಯೊದ ಆರಂಭದಲ್ಲಿ ಸರಿಯಿದ್ದು ಕೊನೆಯಲ್ಲಿ ಜಾರಿದ್ದರೆ ನಟನೆಯನ್ನು ದೂರಬೇಡಿ. 24 ಫ್ರೇಮ್‌ನಲ್ಲಿ ತೆಗೆದದ್ದನ್ನು 23.976ಕ್ಕೆ ಓಡಿಸಿ ದನಿಯನ್ನು ಹಾಗೇ ಬಿಟ್ಟರೆ ನಾಲ್ಕು ನಿಮಿಷಕ್ಕೆ ಸುಮಾರು 0.24 ಸೆಕೆಂಡ್, ಅಂದರೆ 6 ಫ್ರೇಮ್‌ನಷ್ಟು ಅಂತರ ಬೀಳುತ್ತದೆ. ಒಂದೇ ಟೇಕ್ (ನಿಲ್ಲಿಸದೆ ಒಮ್ಮೆಗೇ ಚಿತ್ರಿಸಿದ್ದು) ಉದ್ದಕ್ಕೂ ಬಳಸಿದ ವಿಡಿಯೊದಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ಹಲವು ಕಟ್ ಇರುವಲ್ಲಿ ಪ್ರತಿ ಶಾಟ್ ಹೊಸದಾಗಿ ಸಿಂಕ್ ಆಗುವುದರಿಂದ ಅಡಗಿಹೋಗುತ್ತದೆ.

ಬೆಳಕಿಗೆ ಬಂದರೆ, ಕ್ಲೋಸ್‌ಅಪ್‌ನಲ್ಲಿ ಕಣ್ಣಿನ ಪಾಪೆ ನೋಡಿ. ಉಂಗುರದ ಪ್ರತಿಬಿಂಬ ಇದ್ದರೆ ರಿಂಗ್ ಲೈಟ್, ಚೌಕವಿದ್ದರೆ ಸಾಫ್ಟ್‌ಬಾಕ್ಸ್ (ಬೆಳಕನ್ನು ಮೃದುವಾಗಿಸುವ ಬಟ್ಟೆ ಹೊದಿಸಿದ ದೀಪ) ಅಥವಾ ಕಿಟಕಿ, ಗೆರೆ ಇದ್ದರೆ ಟ್ಯೂಬ್.

‘ಒಂದೇ ಟೇಕ್’ ಎನ್ನುವ ವಿಡಿಯೊಗಳಲ್ಲಿ ಅನುಮಾನದ ಜಾಗಗಳು ಮೂರು: ಕ್ಯಾಮೆರಾ ಸರ್‍ರನೆ ತಿರುಗುವ ಕಡೆ, ಯಾರದೋ ಬೆನ್ನು ಅಥವಾ ಕಂಬ ಫ್ರೇಮ್ ತುಂಬುವ ಕಡೆ, ಕತ್ತಲಲ್ಲಿ ಹಾಯುವ ಕಡೆ. ಅಲ್ಲಿ ಫ್ರೇಮ್ ಫ್ರೇಮ್ ಸರಿಸುತ್ತಾ ಮಸುಕಿನ ದಿಕ್ಕು, ನೆರಳಿನ ಕೋನ, ಹಿನ್ನೆಲೆಯ ಬಣ್ಣ ಇವುಗಳಲ್ಲಿ ಯಾವುದಾದರೂ ಥಟ್ಟನೆ ಬದಲಾಗುತ್ತದೆಯೇ ಪರೀಕ್ಷಿಸಿ. ಹೊಲಿಗೆ, ಅಂದರೆ ಎರಡು ಟೇಕ್‌ಗಳನ್ನು ಗುಟ್ಟಾಗಿ ಜೋಡಿಸಿದ ಜಾಗ, ಸಿಕ್ಕರೆ ಅದರ ಸಮಯವನ್ನು ಬೀಟ್ ಮಾರ್ಕರ್ ಪಕ್ಕಕ್ಕಿಟ್ಟು ನೋಡಿ. ಜೋರಾದ ಪೆಟ್ಟಿನ ಮೇಲೆ ಬಿದ್ದಿದ್ದರೆ, ಕಟ್ಟನ್ನು ಮರೆಮಾಡಲು ಚಿತ್ರದ ಜೊತೆಗೆ ಹಾಡನ್ನೂ ಬಳಸಿದ್ದಾರೆ ಎಂದು ಟಿಪ್ಪಣಿ ಬರೆಯಬಹುದು.